ಉಪಾಸಪ್ಪ ಯಾವಾಗ ಉಣ್ಣುತ್ತಾನೆ?

ಆಗಿನ್ನೂ ಇಳಕಲ್ಲಿನ ನಮ್ಮ ಓಣಿಗೆಲ್ಲ ಸೇರಿ ಒಂದೇ ಕಂಪ್ಯೂಟರು. ಅದು ನನ್ನ ಗೆಳತಿ ರುಬೀನಾಳ ಮನೆಯ ಪಡಸಾಲೆಯಲ್ಲಿ, ಜರಿ ಅಂಚಿನ ಹೊದಿಕೆ ಹೊದ್ದು ಹೊಸ ಮದುಮಗಳ ಹಾಗೆ ಕೂತಿರುತ್ತಿತ್ತು. ಅವಳ ಅಣ್ಣ ಶಫಿ ಅದರಲ್ಲಿ ಊರವರ ಲಗ್ನಪತ್ರಿಕೆಗಳನ್ನು ಟೈಪು ಮಾಡುತ್ತಿದ್ದ. ಕೈ ತೊಳೆಯದೆ ಅದನ್ನು ಮುಟ್ಟುವಂತಿರಲಿಲ್ಲ. ನಮ್ಮವ್ವ ದೇವರ ಜಗಲಿಗೂ ಅಷ್ಟು ಮಡಿ ಮಾಡುತ್ತಿರಲಿಲ್ಲ ಬಿಡಿ.

ನಾವಿಬ್ಬರೂ ಏಳನೆಯ ಇಯತ್ತೆ. ಆ ವರ್ಷ ದಸರಾ ಸೂಟಿ, ರಮಜಾನ್ ತಿಂಗಳು ಎರಡೂ ಕೂಡಿಯೇ ಬಂದಿದ್ದವು. ರುಬೀನಾ ಮೊದಲ ಸಲ ತಿಂಗಳು ಪೂರ್ತಿ ರೋಜಾ ಇರುತ್ತೇನೆಂದು ಹಟ ಹಿಡಿದಿದ್ದಳು. ಮಧ್ಯಾಹ್ನದವರೆಗೆ ಹೇಗೋ ತಳ್ಳುತ್ತಿದ್ದಳು. ನಾಲ್ಕು ಹೊಡೆದ ಮೇಲೆ ಮಾತ್ರ ತುಟಿ ಒಣಗಿ, ಕಣ್ಣು ಗಡಿಯಾರಕ್ಕೇ ಅಂಟಿಕೊಳ್ಳುತ್ತಿದ್ದವು. ತಂಗಿಯ ಪಾಡು ನೋಡಲಾರದೆ ಶಫಿಅಣ್ಣ, ತಾನು ಪ್ರೆಸ್ಸಿಗೆ ಹೋಗುವ ಆ ಹೊತ್ತಿನಲ್ಲಿ ಒಂದು ಆಟದ ಸಿ.ಡಿ. ಹಾಕಿಕೊಟ್ಟ.

"ಇಬ್ಬರೂ ಆಡ್ಕೋತ ಕುಂಡ್ರಿ. ನೀರಡಿಕಿ ನೆಪ್ಪಾಗೂದಿಲ್ಲ. ಆದ್ರ ನನ್ನ ಪತ್ರಿಕಿ ತಂಟೆಕ ಹೋಗಬ್ಯಾಡ್ರಿ."

ಆ ಆಟದಲ್ಲಿ ಒಂದು ಮಾಯದ ರಾಜ್ಯ. ಕಳೆದುಹೋದ ಕಿರೀಟವನ್ನು ಹುಡುಕುತ್ತ ನಮ್ಮ ನಾಯಕಿ ಊರೂರು ಅಲೆಯಬೇಕು. ನನ್ನ ಹೆಸರು ಲೀಲಾ, ಅವಳದು ರುಬೀನಾ. ಎರಡನ್ನೂ ಕೂಡಿಸಿ ನಾಯಕಿಗೆ ಲೀರು ಅಂತ ಹೆಸರಿಟ್ಟೆವು. ಒಬ್ಬಳೇ ಹೊರಟರೆ ಮೊದಲ ಹಳ್ಳದಲ್ಲೇ ತೋಳ ತಿಂದುಬಿಡುತ್ತಿತ್ತು. ಹಾಗಾಗಿ ದಾರಿಯಲ್ಲಿ ಸಿಕ್ಕವರನ್ನು ಸಂಗಡ ಕರೆದುಕೊಳ್ಳಬೇಕಿತ್ತು. ಮೂವರು ಸಿಕ್ಕರು. ಅವರ ಖರೆ ಹೆಸರುಗಳು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಗಾಯಕ್ಕೆ ಔಷಧ ಹಚ್ಚುವ ಮುದುಕ ಮದ್ದಿನಜ್ಜನಾದ. ಕತ್ತಿ ಹಿಡಿದ, ಯಾವಾಗಲೂ ಸಿಡಿಮಿಡಿ ಅನ್ನುವ ದಪ್ಪ ಹೆಂಗಸು ಬೈಗುಳವ್ವ. ಮೂರನೆಯವನು ತೆಳ್ಳಗೆ, ಬೆಳ್ಳಗೆ, ಮೆತ್ತಗೆ ಮಾತಾಡುವವನು. ಕಾಡಿನಲ್ಲಿ ಬೆಂಕಿ ಹಾಕಿ ಎಲ್ಲರೂ ಉಣ್ಣಲು ಕೂತರೆ ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದ. ನಮ್ಮ ಸಾಲೆಯ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದಾಗ ತಿಳಿದದ್ದು ಇಷ್ಟು: ನೀವು ಉಣ್ಣಿರಿ, ನನಗೆ ಬೇಡ.

"ಯವ್ವಾ, ರೋಜಾ ಅದಾನ!" ಅಂದಳು ರುಬೀನಾ.

"ಹೋಗ, ಸೋಮವಾರದ ಉಪಾಸ ಇರಬೇಕು" ಅಂದೆ ನಾನು.

ಯಾವ ಧರ್ಮದ ಉಪವಾಸವಾದರೂ ಇರಲಿ, ಎಲ್ಲರೂ ಗಬಗಬ ಮುಕ್ಕುವಾಗ ಬಾಯಿ ಕಟ್ಟಿಕೊಂಡಿರುವವನು ಸಾಮಾನ್ಯನಲ್ಲ ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯ ಇರಲಿಲ್ಲ. ಅವನಿಗೆ ಉಪಾಸಪ್ಪ ಎಂದು ಹೆಸರಿಟ್ಟೆವು.

ಆ ಮೇಲೆ ಶುರುವಾಯಿತು ನೋಡಿ ವಾದ. ಆಡುವುದು ಎರಡು ತಾಸು, ಜಗಳ ದಿನವಿಡೀ. ಬೋರಿಂಗಿನ ಮುಂದೆ ಕೊಡ ಪಾಳಿ ಹಚ್ಚಿ ನಿಂತಾಗಲೂ ಅದೇ, ಮಾಳಿಗೆಯ ಮೇಲೆ ಸಂಡಿಗೆ ಕಾಯುವಾಗಲೂ ಅದೇ. ನಾನು ಉಪಾಸಪ್ಪನ ಕಡೆ. ನನಗೆ ಮೆತ್ತಗೆ ಮಾತಾಡುವವರೆಂದರೆ ಪ್ರಾಣ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲವಲ್ಲ, ನನ್ನನ್ನೂ ಸೇರಿಸಿ! ರುಬೀನಾ ಬೈಗುಳವ್ವನ ಕಡೆ. ಒಂದು ಊರಿನಲ್ಲಿ ಭಿಕ್ಷೆಯ ಮುದುಕಿಯೊಬ್ಬಳು ಅಡ್ಡ ಬಂದಳು. ಬೈಗುಳವ್ವ ಅವಳನ್ನು ಹಿಡಿಹಿಡಿ ಬೈದಳು. ಉಪಾಸಪ್ಪ ಮಾತ್ರ ಮುದುಕಿಯ ಕೈ ಹಿಡಿದು, ನಿನ್ನ ಕಷ್ಟ ಕಂಡರೆ ಎದೆ ಒಡೆಯುತ್ತದೆ ಅಂದ. ನನಗಂತೂ ಕಣ್ಣಲ್ಲಿ ನೀರೇ ಬಂತು.

"ನೋಡಿದ್ಯಾ? ಯಾರು ಛಲೋ ಮಂದಿ ಅಂತ ಈಗರೆ ಗೊತ್ತಾತಿಲ್ಲೋ?"

ರುಬೀನಾ ಸುಮ್ಮನೆ ಒಬ್ಬೊಬ್ಬರ ಚೀಲ ತೆರೆದು ತೋರಿಸಿದಳು. "ಬೈಗುಳವ್ವನ ಚೀಲದಾಗ ಎರಡು ರೊಟ್ಟಿ ಕಡಿಮಿ ಅದಾವ. ನಿನ್ನ ಉಪಾಸಪ್ಪನ ಚೀಲದಾಗ ಒಂದರೆ ಕಡಿಮಿ ಆಗೇತೇನು?"

"ತಾನಽ ತಿಂದಿರಬೇಕು, ಹೊಟ್ಟಿಬಾಕಿ."

"ಬಾಯಿ ಕೆಟ್ಟದ್ದಿದ್ರ ಕೈನೂ ಕೆಟ್ಟದ್ದಿರಬೇಕಂತಿಲ್ಲ, ಲೀಲಾ."

ನಾನು ಸೋಲೊಪ್ಪುವ ಪೈಕಿಯಲ್ಲ. "ಉಪಾಸ ಇದ್ದಂವ ಕೆಟ್ಟಂವ ಆಗಾಕ ಹೆಂಗ ಸಾಧ್ಯ? ಹಂಗಾರ ನೀನೂ ಕೆಟ್ಟಾಕಿ!" ಅಂದುಬಿಟ್ಟೆ.

ನಮ್ಮ ವಾದವನ್ನೆಲ್ಲ ಪಕ್ಕದಲ್ಲೇ ಕೂತು ಕೇಳುತ್ತಿದ್ದವಳು ದಾದಿ, ಅಂದರೆ ರುಬೀನಾಳ ಅಜ್ಜಿ. ಒಳಕೋಣೆಯಲ್ಲಿ ಮಗ್ಗದ ಖಟ್ ಖಟ್ ಸದ್ದು ನಡೆದಿದ್ದರೆ ದಾದಿ ಪಡಸಾಲೆಯಲ್ಲಿ ರಾಟಿ ತಿರುವುತ್ತ ಆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕಂಪ್ಯೂಟರಿನ ಕಡೆಗೆ ನೋಡುತ್ತಲೇ ಇರಲಿಲ್ಲ. ಆದರೆ ಕಥೆ ಮಾತ್ರ ದಿನಾ ಬೇಕು. "ಎಲ್ಲಿಗೆ ಬಂದ್ರವ್ವಾ ನಿಮ್ಮ ಮಂದಿ?" ಅಂತ ಕೇಳುವಳು. ಒಂದು ದಿನ ರಾಟಿ ನಿಲ್ಲಿಸಿ ನನ್ನನ್ನು ನೋಡಿದಳು.

"ಅಲ್ಲ ಲೀಲಾ, ನನಗೊಂದು ತಿಳೀವಲ್ದು. ಅವರು ಬೆಂಕಿ ಹಾಕ್ಕೊಂಡು ಉಣ್ಣೂದು ಹೊತ್ತು ಮುಳುಗಿದ ಮ್ಯಾಲಲ್ಲೇನು? ರೋಜಾ ಇದ್ದಂವ ಹೊತ್ತು ಮುಳುಗಿದ ಮ್ಯಾಲೆ ಬಾಯಿಗೆ ಒಂದು ಖಜೂರರೆ ಹಾಕ್ಕೋಬೇಕು. ಇಂವ ಯಾವಾಗ ಉಣ್ತಾನ?"

ನಾನು ನಗಾಡಿಬಿಟ್ಟೆ. "ದಾದಿ, ಅದು ಆಟ. ಅದರಾಗೇನು ಮಸೂತಿ ಬಾಂಗು ಆಗತೈತೇನು?"

ಮರುದಿನ ಆಟವೇ ನಮ್ಮನ್ನು ಇಕ್ಕಟ್ಟಿಗೆ ತಂದಿತು. ಬೈಗುಳವ್ವ ಲೀರುವಿನ ಮುಂದೆ ನಿಂತು, ಅವನ ಮೇಲೆ ನನಗೆ ನಂಬಿಕೆ ಇಲ್ಲ, ಅವನಾದರೂ ಇರಬೇಕು ಇಲ್ಲವೆ ನಾನು, ಅಂದಳು. ರುಬೀನಾ "ತಡಿ, ವಿಚಾರ ಮಾಡೋಣು" ಅನ್ನುತ್ತಿದ್ದಳು. ಮೌಸು ನನ್ನ ಕೈಯಲ್ಲಿತ್ತು. ಉಪಾಸಪ್ಪನ ಹೆಸರನ್ನು ಒತ್ತಿಯೇಬಿಟ್ಟೆ. ಬೈಗುಳವ್ವ ಕತ್ತಿ ಹೆಗಲಿಗೇರಿಸಿ, ಒಂದು ಮಾತೂ ಬೈಯದೆ ಹೋದಳು. ಅವಳು ಬೈಯದೆ ಇದ್ದದ್ದು ಅದೊಂದೇ ಸಲ.

ಆ ಸಂಜೆಯ ಬಿಡಾರದಲ್ಲಿ ಮದ್ದಿನಜ್ಜ ಉಂಡು ಮಲಗಿದವನು ಏಳಲಿಲ್ಲ. ಲೀರು ಅರೆಜೀವವಾಗಿ ಬಿದ್ದಿದ್ದಳು. ಕಿರೀಟದ ದಾರಿ ತೋರಿಸುತ್ತಿದ್ದ ನಕ್ಷೆಯೂ ಇಲ್ಲ, ಉಪಾಸಪ್ಪನೂ ಇಲ್ಲ. ದಿನಾ ತಾನೇ ಚೂರುಚೂರು ವಿಷ ಬೆರೆಸಿದ ಅಡುಗೆಯನ್ನು ಅವನಾದರೂ ಹೇಗೆ ಉಂಡಾನು? ದಾದಿ "ಯಾ ಅಲ್ಲಾ" ಅಂದು ರಾಟಿಯ ಮೇಲೇ ಕೈಯಿಟ್ಟು ಕೂತಳು. ರುಬೀನಾ ಎದ್ದು ನಮಾಜಿಗೆ ಕೈಕಾಲು ತೊಳೆಯಲು ಹೋದಳು.

ಅವಳು ಬರುವುದರೊಳಗೆ ಆಟವನ್ನು ಅಲ್ಲಿಗೇ ಉಳಿಸಿಡೋಣವೆಂದು ಒತ್ತಿದೆ. ಯಾವ ಗಳಿಗೆಯಲ್ಲಾದರೂ ಕರೆಂಟು ಹೋಗುವ ಭಯ. ಜಾಗವಿಲ್ಲ ಅಂತು ಕಂಪ್ಯೂಟರು. ಹುಡುಕಿದಾಗ ಅರ್ಥವಿಲ್ಲದ ಅಕ್ಷರಗಳ ಹೆಸರಿದ್ದ ಒಂದು ದೊಡ್ಡ ಫೈಲು ಕಂಡಿತು. ಯಾವುದೋ ಕಸ ಅಂದುಕೊಂಡು ಅಳಿಸಿದೆ. ಆಟ ಉಳಿಯಿತು.

ಅದು ಕಸವಲ್ಲ. ಹುನಗುಂದದ ಒಂದು ಮನೆತನದ ಲಗ್ನಪತ್ರಿಕೆ. ಅಜ್ಜ ಮುತ್ತಜ್ಜಂದಿರಿಂದ ಹಿಡಿದು ಆಗಮನ ಬಯಸುವ ಚಿಕ್ಕಮಕ್ಕಳವರೆಗೆ ಹೆಸರುಗಳನ್ನು ಶಫಿಅಣ್ಣ ಎರಡು ದಿನ ಕೂತು ಟೈಪು ಮಾಡಿದ್ದ. ಮರುದಿನ ನಾನು ಹೋದಾಗ ಅವನ ದನಿ ಓಣಿಯ ತುದಿಗೇ ಕೇಳುತ್ತಿತ್ತು.

"ನಾ ಏನೂ ಅಳಿಸಿಲ್ಲ, ಭಾಯ್. ಖುದಾನ ಆಣಿ" ಅನ್ನುತ್ತಿದ್ದಳು ರುಬೀನಾ.

"ಮತ್ತ ಯಾರು, ಭೂತ ಅಳಿಸ್ತೇನು? ಇನ್ನ ಇದನ್ನ ಮುಟ್ಟಿದ್ರ ನೋಡು!"

ನಾನು ಬಾಗಿಲಲ್ಲಿ ನಿಂತಿದ್ದೆ. ನಾನೇ ಅಣ್ಣಾ, ಎರಡೇ ಶಬ್ದ. ಗಂಟಲಿನವರೆಗೆ ಬಂದವು. ಹೇಳಿದರೆ ಇನ್ನು ಈ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ರುಬೀನಾ ನನ್ನ ಮುಖ ನೋಡುವುದಿಲ್ಲ ಎಂದು ಅನ್ನಿಸಿತು. ಶಬ್ದಗಳನ್ನು ನುಂಗಿದೆ. ಏನು ಹೇಡಿ ಇದ್ದೆ ನಾನು!

ಶಫಿಅಣ್ಣ ರೋಜಾದಲ್ಲೇ, ಹನಿ ನೀರಿಲ್ಲದೆ, ಮತ್ತೆ ಮೊದಲಿನಿಂದ ಟೈಪು ಮಾಡಿದ. ನಾಲ್ಕು ದಿನ ಆಟ ಬಂದ್. ಆ ನಾಲ್ಕು ಸಂಜೆಗಳನ್ನು ನಾನು ಮರೆಯಲಾರೆ. ರುಬೀನಾ ಚಾಪೆಯ ಮೇಲೆ ಮಗ್ಗುಲಾಗಿ ಗಡಿಯಾರ ನೋಡುತ್ತ ಬಿದ್ದಿರುವಳು. ಮನೆಯಲ್ಲಿ ಚರಿಗೆ ತುಂಬ ನೀರು ಕುಡಿದು ಬಂದ ನಾನು ಪಕ್ಕದಲ್ಲಿ ಕೂತಿರುವೆ. ಮಸೂತಿಯ ಬಾಂಗು ಆದೊಡನೆ ಎಂದಿನಂತೆ ಊಟಕ್ಕೆ ದಸ್ತರಖಾನ ಹಾಸುವರು. ಖಜೂರ, ಚುರುಮುರಿ ಸೂಸಲ, ಬಿಸಿ ಮಿರ್ಚಿ ಬಜಿ. ಆ ಬಜಿಯ ವಾಸನೆಗೆ ಓಣಿಯ ನಾಯಿಗಳೂ ಬಾಗಿಲಿಗೆ ಬರುತ್ತಿದ್ದವು. ಅಷ್ಟು ದಿನ ರೋಜಾ ಇದ್ದವರಿಗಿಂತ ಮೊದಲು ಕೈ ಹಾಕುತ್ತಿದ್ದ ನನಗೆ ಈಗ ಒಂದು ತುತ್ತೂ ಇಳಿಯದು.

"ನನಗ ಬ್ಯಾಡ್ರಿ. ಉಪಾಸ ಐತಿ" ಅಂದೆ ಮೊದಲ ದಿನ. ಎರಡನೆಯ ದಿನವೂ ಅದನ್ನೇ ಅಂದೆ. ಮೂರನೆಯ ದಿನ ದಾದಿ ನನ್ನ ಮುಖವನ್ನೇ ನೋಡಿದಳು.

"ನಿಮ್ಮ ಮಂದ್ಯಾಗ ದಿನಾ ಉಪಾಸ ಬರ್ತಾವೇನವ್ವಾ?"

ನಾನು ಎದ್ದು ಮನೆಗೆ ಓಡಿದೆ.

ಪತ್ರಿಕೆ ಅಚ್ಚಾಗಿ, ಹುನಗುಂದದವರು ಮೆಚ್ಚಿಕೊಂಡು ಹೋದ ಮೇಲೆ ಶಫಿಅಣ್ಣನ ಸಿಟ್ಟು ಇಳಿಯಿತು. ಆಟ ಮತ್ತೆ ಶುರುವಾಯಿತು. ಲೀರು ಒಬ್ಬಳೇ ಕುಂಟುತ್ತ ಒಂದು ಕೋಟೆಗೆ ಬಂದಳು. ಅಲ್ಲಿ ಸರಪಳಿ ಬಿಗಿಸಿಕೊಂಡು ಉಪಾಸಪ್ಪ ಕೂತಿದ್ದ. ನಕ್ಷೆ ಕೊಂಡವರೇ ಅವನನ್ನು ಕಟ್ಟಿಹಾಕಿದ್ದರು. ಅವನು ಮೆತ್ತಗೆ ಮಾತಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ನೀರು ಅಂದ ಅಷ್ಟೇ. ನಮ್ಮ ಮುಂದೆ ಮೂರು ದಾರಿ: ಕೊಲ್ಲು, ಇಲ್ಲೇ ಬಿಡು, ಸಂಗಡ ಕರೆದುಕೋ.

"ಕೊಲ್ಲು!" ಅಂದೆ. "ನಂಬಿಸಿ ಕುತ್ತಿಗಿ ಕೊಯ್ದಾನ. ಒಂದ ಸಲ ಮೋಸ ಮಾಡಿದವರು ಮತ್ತ ಮಾಡ್ತಾರ. ಅಂಥವರಿಗೆ ಮಾಫಿನಽ ಇರಬಾರದು." ಹೇಳುತ್ತ ಹೇಳುತ್ತ ನನ್ನ ದನಿ ಒಡೆಯಿತು. ಯಾರ ಬಗ್ಗೆ ಮಾತಾಡುತ್ತಿದ್ದೇನೆಂದು ನನಗೇ ತಿಳಿಯದಂತಾಗಿ ಅಳು ಬಂತು.

ಈ ಸಲ ಮೌಸು ರುಬೀನಾಳ ಕೈಯಲ್ಲಿತ್ತು. ಅವಳು ನನ್ನನ್ನು ನೋಡಿದಳು. ಆಮೇಲೆ ಮೂರನೆಯದನ್ನು ಒತ್ತಿದಳು.

"ಹುಚ್ಚಿ ಅದೀ ಏನು? ಯಾಕ ಕರ್ಕೊಂಡಿ?"

"ಮುಂದ ದಾರಿ ಭಾಳ ಐತಿ. ಸಂಗಡ ಯಾರರೆ ಬೇಕಲ್ಲ" ಅಂದಳು.

ಆ ಬಿಡಾರದಲ್ಲಿ ಬೆಂಕಿ ಹಾಕಿ ಅಡುಗೆ ಇಳಿಸಿದಾಗ ಉಪಾಸಪ್ಪ ತಾನೇ ಮೊದಲು ಬಟ್ಟಲು ತೆಗೆದುಕೊಂಡು ಲೀರು ನೋಡುವ ಹಾಗೆ ಉಂಡ. ರುಬೀನಾ ಅದನ್ನು ದಾದಿಗೆ ಹೇಳಿದಳು. "ಹ್ಞಾಂ, ಈಗ ಬಿಟ್ಟಾ ನೋಡು ಉಪಾಸ" ಅಂದಳು ದಾದಿ. ಅಷ್ಟರಲ್ಲಿ ಬಾಂಗು ಆಯಿತು. ದಾದಿ ಬಜಿಯ ತಾಟನ್ನು ಯಾರಿಗೂ ಕೊಡದೆ ಮೊದಲು ನನ್ನ ಮುಂದೆ ಸರಿಸಿದಳು. ಹೋಗ್ಲಿ ಅಂತ ತಿಂದೆ. ಖಾರಕ್ಕೆ ಕಣ್ಣೀರು ಬಂತು ಅಂತ ಎಲ್ಲರಿಗೂ ಹೇಳಿದೆ.

ಬೈಗುಳವ್ವ ಮಾತ್ರ ಸಿಗಲಿಲ್ಲ. ಹೋದ ಊರೆಲ್ಲ ಹುಡುಕಿದೆವು. ಆಟ ಮುಗಿಯುವ ಮೊದಲೇ ಸಿ.ಡಿ. ಗೀರುಬಿದ್ದು ಕೆಟ್ಟಿತು. ಇವತ್ತಿಗೂ ಕಿರೀಟ ಎಲ್ಲಿತ್ತೋ ನಮಗೆ ಗೊತ್ತಿಲ್ಲ.

ಈಗ ನನ್ನ ಹತ್ತು ವರ್ಷದ ಮಗಳು ಮೊಬೈಲಿನಲ್ಲಿ ಅಂಥದೇ ಆಟ ಆಡುತ್ತಾಳೆ. ಯಾರನ್ನಾದರೂ ಸಂಗಡ ಕರೆದುಕೊಳ್ಳುವ ಮೊದಲು ಇಂಟರ್ನೆಟ್ಟಿನಲ್ಲಿ ಯಾರು ಎಂಥವರೆಂಬ ಪಟ್ಟಿ ನೋಡಿಬಿಡುತ್ತಾಳೆ. "ಅವ್ವಾ, ಇಂವ ಕಡೀಕ ಮೋಸ ಮಾಡ್ತಾನಂತ. ಇವನ್ನ ಒಲ್ಲೆ." ಮುಗಿಯಿತು. ವಾದವಿಲ್ಲ, ಸಿಟ್ಟಿಲ್ಲ, ಮಾಳಿಗೆಯ ಮೇಲೆ ಮಾತು ಬಿಟ್ಟು ಕೂರುವುದಿಲ್ಲ. ಎಷ್ಟು ಶಾಣೇಕಿ ಇದ್ದಾಳೆ ಅಂತ ಮೊದಲು ನಕ್ಕೆ. ಆಮೇಲೆ ಅನ್ನಿಸಿತು, ಅಂಥ ಪಟ್ಟಿಯೊಂದು ಆಗ ರುಬೀನಾಳ ಕೈಗೆ ಸಿಕ್ಕಿದ್ದರೆ ನನ್ನನ್ನು ಯಾರು ಕರೆದುಕೊಳ್ಳುತ್ತಿದ್ದರು?

ಆ ಮಾತು ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ರುಬೀನಾ ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುತ್ತಾಳೆ, ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ಹುನಗುಂದದಲ್ಲಿ. ವರ್ಷಕ್ಕೊಂದೆರಡು ಸಲ ಇಬ್ಬರೂ ಬಸ್ಸು ಹತ್ತಿ ನಡುದಾರಿಯ ಅಮೀನಗಡದಲ್ಲಿ ಇಳಿಯುತ್ತೇವೆ. ಹೋದ ತಿಂಗಳು ಕರದಂಟಿನ ಅಂಗಡಿಯ ಬೆಂಚಿನ ಮೇಲೆ ಕೂತು, ತುಪ್ಪದ, ಹುರಿದ ಅಂಟಿನ ಪರಿಮಳದ ನಡುವೆ, ಇಷ್ಟು ವರ್ಷ ನುಂಗಿಕೊಂಡ ಮಾತನ್ನು ಹೇಳಿದೆ.

"ಆ ಲಗ್ನಪತ್ರಿಕಿ ನಾನಽ ಅಳಿಸಿದ್ದೆ, ರುಬೀನಾ."

ಅವಳು ಕರದಂಟು ಮುರಿಯುವುದನ್ನು ನಿಲ್ಲಿಸಲೂ ಇಲ್ಲ. "ಗೊತ್ತಿತ್ತು."

"ಯಾವಾಗಿಂದ?"

"ನೀ ಬಜಿ ಬಿಟ್ಟಾಗಿಂದ. ನೀ ಎದ್ದು ಓಡಿದ್ಯಲ್ಲ, ಆವತ್ತಽ ದಾದಿ ಕೇಳಿದ್ಲು, ಈಕಿ ಯಾವಾಗ ಉಣ್ತಾಳ ಅಂತ. ಆವಾಗ ಇಬ್ಬರಿಗೂ ತಿಳೀತು."

"ಮತ್ತ ಬೈಲಿಲ್ಲ ಯಾಕ?"

"ನಾ ಬೈಯಾಕ ಹೊಂಟಿದ್ದೆ. ದಾದಿ ಬ್ಯಾಡ ಅಂದ್ಲು. ಆಕಿ ತಾನಾಗಿ ಹೇಳ್ತಾಳ, ಆವಾಗ ನಾನಽ ಬೈತೇನಿ ಅಂದ್ಲು."

ಕರದಂಟಿನ ದೊಡ್ಡ ತುಂಡನ್ನು ನನ್ನ ಕೈಗಿಟ್ಟಳು. ನಾನು ತಿಂದೆ. ಹಲ್ಲಿಗೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸುತ್ತ ದಾದಿಯ ಲೆಕ್ಕ ಹಾಕಿದೆ. ದಾದಿ ತೀರಿಹೋಗಿ ಒಂಬತ್ತು ವರ್ಷ. ರಾಟಿ ಅಟ್ಟ ಸೇರಿದೆ, ಆ ಪಡಸಾಲೆಯಲ್ಲಿ ಮಗ್ಗದ ಸದ್ದೂ ಇಲ್ಲ. ನಾನು ಆ ಮನೆಗೆ ಎಷ್ಟು ಸಲ ಹೋಗಿದ್ದೆ, ದಾದಿಯ ಪಕ್ಕದಲ್ಲೇ ಎಷ್ಟು ಸಲ ಕೂತಿದ್ದೆ! ಹೇಳಿದ್ದರೆ ಬಾಯಿ ತುಂಬ ಬೈಯುತ್ತಿದ್ದಳು, ಬೈದು ಮುಗಿಸಿ ಬಜಿ ಕೊಡುತ್ತಿದ್ದಳು. ನನಗಾಗಿ ಅಷ್ಟು ವರ್ಷ ಎತ್ತಿಟ್ಟ ಆ ಬೈಗುಳ ಇನ್ನು ನನಗೆ ಸಿಗುವುದಿಲ್ಲ.