ಯುವಕ ಮಂಡಲದಲ್ಲಿ ಅಮ್ಮನ ಮೊದಲ ಕೇರಂ

ಕಾಪುವಿನ ಕಡಲಬದಿಯ ನಮ್ಮ ಯುವಕ ಮಂಡಲದಲ್ಲಿ ಈಗ ಯುವಕರು ಯಾರೂ ಇಲ್ಲ. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬಿದ್ದು ಬೋಟುಗಳು ದಡ ಹತ್ತಿದವೆಂದರೆ, ಅರುವತ್ತು ದಾಟಿದ ಗಂಡಸರು ಬೆಳಗ್ಗಿನಿಂದ ಅಲ್ಲಿ ಕೇರಂ ಆಡುತ್ತಾರೆ. ಮೊದಲು ಅದು ಬಲೆ ಇಡುವ ಸೋಗೆಯ ಚಪ್ಪರವಾಗಿತ್ತಂತೆ. ಆಮೇಲೆ ಈ ಗಂಡಸರೇ ಹುಡುಗರಾಗಿದ್ದಾಗ ಶ್ರಮದಾನ ಮಾಡಿ ಕೆಂಪುಕಲ್ಲಿನ ಕಟ್ಟಡ ಎಬ್ಬಿಸಿದರಂತೆ. ಆ ಕಥೆ ಹೇಳದ ದಿನವಿಲ್ಲ. ಹಾಡಿದ್ದೇ ಹಾಡುವ ಕಿಸಬಾಯಿದಾಸರು. ಆದರೂ ಅವರೆಂದರೆ ನನಗೆ ಪ್ರೀತಿಯೇ. ಹೆಂಗಸರು ಒಳಗೆ ಹೋಗುವುದು ಸ್ವಾತಂತ್ರ್ಯ ದಿನದಂದು, ಪಾಯಸ ಬಡಿಸಲು ಮಾತ್ರ.

ಕಳೆದ ಮಳೆಗಾಲಕ್ಕೆ ಮೊದಲು ಅಮ್ಮ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೂಳೆ ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟು ರಬ್ಬರ್ ಚೆಂಡು ಕೊಟ್ಟರು. ಅಮ್ಮ ಅದನ್ನು ಬೆಕ್ಕಿಗೆ ಕೊಟ್ಟಳು. ನಲವತ್ತು ವರ್ಷ ಮೀನು ಕೊಯ್ದು ಮಾರಿದ ಕೈಗೆ ಅನ್ನ ಕಲಸಲಾಗುತ್ತಿರಲಿಲ್ಲ. ನಾನು ತುತ್ತು ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಆ ಕೈ ಹಾಗೆಯೇ ಉಳಿದೀತೆಂದು ನನಗೆ ಹೆದರಿಕೆ. ಕೊನೆಗೆ, ಬೆರಳಾಡಿಸಲು ಕೇರಂ ಆದೀತೆಂದು ಹೊಳೆಯಿತು. ಬೇಡ ಬೇಡ ಎಂದವಳನ್ನು ಮಂಡಲಕ್ಕೆ ಎಳೆದುಕೊಂಡೇ ಹೋದೆ.

ಗಂಡಸರು ಗಡಬಡಿಸಿ ಎದ್ದು, ಮಡಚಿ ಕಟ್ಟಿದ ಲುಂಗಿ ಇಳಿಸಿದರು. "ಎಂತ ಅಕ್ಕ, ಪಾಯಸ ಉಂಟಾ?" ಎಂದರು ಮಂಡಲದ ಹಳೆಯ ಅಧ್ಯಕ್ಷರು.

"ಆಡ್ಲಿಕ್ಕೆ ಬಂದದ್ದು," ಎಂದಳು ಅಮ್ಮ.

ಸ್ಟ್ರೈಕರನ್ನು ಬೆರಳಿಂದ ಚಿಮ್ಮಲು ನೋಡಿದಳು, ಅದು ಅಲುಗಲಿಲ್ಲ. ಸಿಟ್ಟು ಬಂದು ಅಂಗೈಯಿಂದಲೇ ನೂಕಿದಳು. ಒಂದು ಕಾಯಿ ಉರುಳಿ ಮೂಲೆಯ ಜಾಲರಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನೂಕಿದ್ರೆ ಫೌಲ್ ಅಲ್ವಾ?" ಎಂದು ಅಮ್ಮ ಕೇಳಿದಳು.

"ನಿಮಗೆ ಫೌಲ್ ಇಲ್ಲ ಅಕ್ಕ," ಎಂದರು ಅಧ್ಯಕ್ಷರು.

ಅಮ್ಮ ಉರಿದುಬಿದ್ದಳು. "ಯಾಕೆ ಇಲ್ಲ ಮಾರಾಯ? ಈ ಗೋಡೆಗೆ ನಾವು ಹೆಂಗಸರು ಕಲ್ಲು ಹೊರುವಾಗ ನನಗೆ ಸಣ್ಣ ಕಲ್ಲು ಕೊಟ್ಟದ್ದು ಉಂಟಾ?"

ಅಷ್ಟು ಸಲ ಕೇಳಿದ ಕಥೆಯಲ್ಲಿ ಹೆಂಗಸರೇ ಇರಲಿಲ್ಲ. ಅಮ್ಮನನ್ನು ನಾನೂ ಕೇಳಿದವಳಲ್ಲ, ನಾಚಿಕೆಯಾಯಿತು. ಅಧ್ಯಕ್ಷರು ತಲೆ ಕೆರೆದುಕೊಂಡರು. "ಹೌದು ಅಕ್ಕ, ನನಗಿಂತ ಜಾಸ್ತಿ ಹೊತ್ತದ್ದು ನೀವು. ಫೌಲೇ. ಕಾಯಿ ತೆಗೆದು ನಡುವೆ ಇಡಿ."

ಅಮ್ಮ ಜಾಲರಿಗೆ ಬಲಗೈ ಹಾಕಿದಳು. ನಾನು ನೆರವಿಗೆ ಬಾಗಿದರೆ ಮೊಣಕೈಯಿಂದ ತಿವಿದಳು. ಬಹಳ ಹೊತ್ತು ತಡಕಾಡಿ, ಎರಡು ಬೆರಳಲ್ಲಿ ಕಾಯಿ ಹಿಡಿದೆತ್ತಿ, ಹಲಗೆಯ ನಡುವೆ ಇಟ್ಟಳು. ಅವಳ ಸಿಟ್ಟಿಗೆ ಹೆದರಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗಂತೂ ಕಣ್ಣು ತುಂಬಿ ಹಲಗೆಯೇ ಕಾಣಲಿಲ್ಲ.

"ಇನ್ನು ಯಾರ ಆಟ?" ಎಂದಳು ಅಮ್ಮ.