ಅಮೆರಿಕದ ಎರಡು ಉತ್ತರ ಹಿಡಿದು ಮುಂಡಾಜೆಗೆ

ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಬೆಳಿಗ್ಗೆ ಎಂಟರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಕೊಡೆ, ನೀರಿನ ಬಾಟಲಿ ಮತ್ತು ಪಕ್ಕದ ಮನೆಯವರಿಂದ ಎರವಲು ತಂದ ಕ್ಯಾಮರಾ ಇದ್ದವು. ಅದು 2004ರ ಅಕ್ಟೋಬರ್ ಮೊದಲ ವಾರ. ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಇನ್ನು ತಿಂಗಳೂ ಉಳಿದಿರಲಿಲ್ಲ. ಬಂಟ್ವಾಳದ ನನ್ನಂಥ ನಿವೃತ್ತ ಸಮಾಜಪಾಠದ ಮೇಷ್ಟರಿಗೂ ಆ ಚುನಾವಣೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇರಲಿಲ್ಲ, ಹಮೀದ್ ನನ್ನ ಮನೆಗೆ ಬರುವವರೆಗೆ.

ಹಮೀದ್ ನನ್ನ ಹಳೆಯ ವಿದ್ಯಾರ್ಥಿ. ಈಗ ಹೆಂಡತಿಯ ಊರಾದ ಮುಂಡಾಜೆಯಲ್ಲಿದ್ದಾನೆ. ಕುವೈತಿನ ಹೋಟೆಲಿನಲ್ಲಿ ಅಡುಗೆ ಕೆಲಸವೆಂದು ಏಜೆಂಟನೊಬ್ಬ ಅವನನ್ನು ಕಳಿಸಿದ್ದ. ಅಲ್ಲಿ ಇಳಿದ ವಾರದಲ್ಲೇ ಲಾರಿ ಹತ್ತಿಸಿ ಇರಾಕಿನ ಅಮೆರಿಕನ್ ಸೇನಾ ಶಿಬಿರಕ್ಕೆ ಒಯ್ದರು. ಒಂದು ಬೆಳಿಗ್ಗೆ ಶಿಬಿರದ ಊಟದ ಡೇರೆಯ ಮೇಲೆ ಶೆಲ್ ಬಿತ್ತು. ಹಮೀದನ ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಊರಿಗೆ ಕಳಿಸುವಾಗ ಕಂಪನಿಯವರು ಕೊಟ್ಟ ಕಾಗದದಲ್ಲಿ ಮಾತ್ರ, ಕುವೈತಿನ ಅಡುಗೆಮನೆಯಲ್ಲಿ ಅಜಾಗರೂಕತೆಯಿಂದ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಎಂದಿತ್ತು. "ನನಗೆ ಬೇರೇನೂ ಬೇಡ ಮಾಸ್ಟ್ರೇ. ನಾನು ಇರಾಕಿನಲ್ಲಿದ್ದೆ, ಕೈ ಹೋದದ್ದು ಅಲ್ಲಿ ಅಂತ ಯಾರಾದ್ರೂ ಬರೆದು ಕೊಡ್ಲಿ" ಎಂದು ಅವನು ಕೇಳಿದ್ದ.

ನಮ್ಮ ತಾಲೂಕಿನಲ್ಲಿ ಇಂಥದ್ದಕ್ಕೆ ಒಂದು ಕ್ರಮವಿದೆ. ಆಳುವ ಪಕ್ಷದವರು ಅರ್ಜಿಯನ್ನು ಮೂಲೆಗೆ ಹಾಕಿದರೆ ಎದುರು ಪಕ್ಷದವರ ಮನೆಗೆ ಹೋಗಬೇಕು. ನಮ್ಮ ಮೇಲಿನ ಪ್ರೀತಿಗಲ್ಲದಿದ್ದರೂ ಅವರ ಮೇಲಿನ ದ್ವೇಷಕ್ಕಾದರೂ ಇವರು ಬೊಬ್ಬೆ ಹಾಕುತ್ತಾರೆ, ಕೆಲಸವಾಗುತ್ತದೆ. ಅಮೆರಿಕವೂ ಒಂದು ದೊಡ್ಡ ಬಂಟ್ವಾಳ ಎಂದುಕೊಂಡು ನಾನು ಅಲ್ಲಿನ ಎರಡೂ ಪಕ್ಷದ ಒಬ್ಬೊಬ್ಬ ನಾಯಕರಿಗೆ ಕಾಗದ ಬರೆದೆ. ಈಮೇಲಿನಲ್ಲಿ ಕಳಿಸಿಕೊಟ್ಟವರು ಮೂಡುಬಿದಿರೆಯಲ್ಲಿ ರಾಜ್ಯಶಾಸ್ತ್ರ ಕಲಿಸುವ ಗೆಳೆಯ ಜಗದೀಶರು. ಉತ್ತರ ಬಂದಿದೆ, ಹಮೀದನ ಫೋಟೋ ಬೇಕಂತೆ, ಕ್ಯಾಮರಾ ಹಿಡಿದುಕೊಂಡೇ ಬನ್ನಿ ಎಂದು ಅವರು ಫೋನು ಮಾಡಿದ್ದರು. ಸಿದ್ಧಕಟ್ಟೆಯ ತಿರುವುಗಳಲ್ಲಿ ಬಸ್ಸು ಓಲಾಡುತ್ತಿದ್ದರೂ ಮನಸ್ಸು ಹಗುರವಾಗಿತ್ತು.

ಮೂಡುಬಿದಿರೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬನ್ಸ್ ಮತ್ತು ಚಹಾ ಮುಂದಿಟ್ಟುಕೊಂಡು ಜಗದೀಶರು ಎರಡು ಹಾಳೆ ಕೊಟ್ಟರು. ಆಳುವ ಪಕ್ಷದವರ ಉತ್ತರ ಮೂರೇ ಸಾಲು. ಯುದ್ಧ ಸರಿಯಾದ ದಾರಿಯಲ್ಲಿದೆ, ನಿಮ್ಮ ಬೆಂಬಲಕ್ಕೆ ಧನ್ಯವಾದ! ಯಾವ ಬೆಂಬಲ? ಯಾರು ಕೊಟ್ಟದ್ದು? ಯುದ್ಧಕ್ಕೆ ಕಾರಣವೆಂದು ಹೇಳಿದ ಅಸ್ತ್ರಗಳು ಇರಾಕಿನಲ್ಲಿ ಸಿಗಲೇ ಇಲ್ಲ ಎಂದು ಲೋಕಕ್ಕೆಲ್ಲ ಗೊತ್ತಾಗಿತ್ತು. ಆದರೂ ಒಬ್ಬರೇ ಒಬ್ಬರೂ 'ತಪ್ಪು ನನ್ನದು' ಎಂದಿರಲಿಲ್ಲ.

ಎದುರು ಪಕ್ಷದ ಉತ್ತರ ಉದ್ದವಿತ್ತು. ಅರ್ಧ ಪುಟ ಅಧ್ಯಕ್ಷರಿಗೆ ಬೈಗಳು. ಆಮೇಲೆ, ಹಮೀದ್ ನಮ್ಮ ಕ್ಷೇತ್ರದ ಮತದಾರನಲ್ಲವಾದ್ದರಿಂದ ಅವನ ಕಾಗದಪತ್ರದ ವಿಚಾರದಲ್ಲಿ ನಾವು ಏನೂ ಮಾಡುವಂತಿಲ್ಲ ಎಂಬ ವಿಷಾದ. ಕೊನೆಯಲ್ಲಿ, ಕತ್ತರಿಸಿದ ಕೈ ಚೆನ್ನಾಗಿ ಕಾಣುವ ಒಂದು ಫೋಟೋ ಕಳಿಸಿದರೆ ಪ್ರಚಾರದ ಕರಪತ್ರಕ್ಕೆ ಉಪಯೋಗವಾದೀತು, ಮತದಾನದ ನಂತರ ಬಂದರೆ ಬೇಡ.

ನನ್ನ ಮೈ ಉರಿಯಿತು. "ಕೈ ಬೇಕು, ಕೈಯ ಯಜಮಾನ ಬೇಡ. ಇದೆಂಥ ನ್ಯಾಯ?" ಎಂದು ಮೇಜು ಕುಟ್ಟಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಮೆಲ್ಲ ಮಾರಾಯ್ರೇ" ಎಂದರು ಜಗದೀಶರು. "ಅಲ್ಲಿಯ ಕ್ರಮವೇ ಹಾಗೆ. ಅವರವರ ಕ್ಷೇತ್ರದವರಿಗೆ ಮಾತ್ರ ಜವಾಬು. ಆದರೆ ಫೋಟೋ ಕಳಿಸುವ, ಹೆಸರಾದರೂ ಅಚ್ಚಾಗ್ತದಲ್ಲ? ಹಮೀದನನ್ನೇ ಕೇಳಿ ನೋಡಿ."

ಬನ್ಸು ಅರ್ಧಕ್ಕೇ ಬಿಟ್ಟು ವೇಣೂರು ಮಾರ್ಗದ ಬಸ್ಸು ಹಿಡಿದೆ. ಗುರುವಾಯನಕೆರೆ ದಾಟಿ ಬೆಳ್ತಂಗಡಿ ಮುಟ್ಟುವಾಗ ಹನ್ನೆರಡೂವರೆ. ಅಲ್ಲಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ ಚೆನ್ನಾಗಿಯೇ ಇತ್ತು, ನಾನು ಮಾತ್ರ ಎರಡು ತುತ್ತಿಗೇ ಕೈ ತೊಳೆದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಪರಿಚಯದ ಯಜಮಾನರು ಮುಖ ನೋಡಿ ವಿಚಾರಿಸಿದರು. ಎಲ್ಲ ಹೇಳಿದೆ.

"ಅಲ್ಲಿಯೂ ಹೀಗೆಯಾ ಮಾಸ್ಟ್ರೇ?" ಎಂದರು.

"ಹೀಗೆಯೇ. ಇಂಗ್ಲಿಷಿನಲ್ಲಿ" ಎಂದೆ.

ಅಲ್ಲಿಂದ ಚಾರ್ಮಾಡಿ ಕಡೆಯ ಬಸ್ಸಿನಲ್ಲಿ ಮುಂಡಾಜೆಗೆ ಅರ್ಧ ಗಂಟೆ. ಘಟ್ಟದ ಮೇಲೆ ಮೋಡ ಕಟ್ಟಿ ಸೆಕೆ ಜಾಸ್ತಿಯಾಗಿತ್ತು. ಹಮೀದ್ ಮಾರ್ಗದ ಬದಿಗೇ ಬಂದು ಕಾಯುತ್ತಿದ್ದ. ಕ್ಷೌರ ಮಾಡಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ಅಂಗಿಯ ಬಲತೋಳನ್ನು ಮಡಚಿ ಪಿನ್ನು ಹಾಕಿತ್ತು. ಅಮೆರಿಕದಿಂದ ಉತ್ತರ ಬಂದಿದೆ ಎಂದು ನಾನೇ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೆ. ಅದಕ್ಕಾಗಿ ಮಾಡಿಕೊಂಡ ಸಿಂಗಾರ ಅದು. ನನಗೆ ನಾಚಿಕೆಯಾಯಿತು.

ಜಗಲಿಯಲ್ಲಿ ಕೂತು ಎರಡೂ ಉತ್ತರಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಕೈಯ ಫೋಟೋ ವಿಷಯವನ್ನು ಮುಚ್ಚಿಡಲಿಲ್ಲ. ಹಮೀದನ ಹೆಂಡತಿ ಝೈನಬಾ ಚಹಾದ ಲೋಟ ಇಡುತ್ತಿದ್ದವಳು ಅಲ್ಲೇ ನಿಂತಳು.

"ಯಾರಿಗೆ ತೋರಿಸ್ಲಿಕ್ಕೆ ಅಂತೆ?" ಎಂದು ಹಮೀದ್ ಕೇಳಿದ.

"ಓಟು ಹಾಕುವವರಿಗೆ. ಆಳುವ ಪಕ್ಷದವರನ್ನು ಸೋಲಿಸಲಿಕ್ಕೆ."

ಅವನು ಚಹಾದ ಲೋಟವನ್ನು ನನ್ನ ಕಡೆ ಸರಿಸಿದ. "ಮಾಸ್ಟ್ರೇ, ಕ್ಯಾಂಪಿನಲ್ಲಿ ಬೆಳಿಗ್ಗೆ ನಾಷ್ಟಾಕ್ಕೆ ಎರಡೂ ಪಕ್ಷಕ್ಕೆ ಓಟು ಹಾಕುವ ಸೈನಿಕರು ಬರ್ತಿದ್ರು. ಅಲ್ಲಿಯೂ ಎಲೆಕ್ಷನ್ ಮಾತಾಡಿ ಜಗಳ. ನಾನು ಎರಡೂ ಕಡೆಯವರಿಗೆ ಮೊಟ್ಟೆ ಬೇಯಿಸಿ ಕೊಡ್ತಿದ್ದೆ. ದಿನಾ ಜಗಳ ಮಾಡುವ ಇಬ್ಬರಿದ್ರು. ಶೆಲ್ ಬಿದ್ದಾಗ ನನ್ನನ್ನು ಎತ್ತಿಕೊಂಡು ಓಡಿದ್ದು ಅವರೇ. ಒಬ್ಬ ತಲೆ ಹಿಡಿದ, ಒಬ್ಬ ಕಾಲು. ಆಸ್ಪತ್ರೆಗೆ ಬಂದು ಅವರ ಊರಿನ ಅಡ್ರೆಸ್ ಬರೆದು ಕೊಟ್ಟಿದ್ದಾರೆ. ನನ್ನಲ್ಲಿ ಉಂಟು."

ನಾನು ದಂಗಾದೆ. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಮಾರಾಯ?"

"ನೀವು ಕೇಳ್ಲಿಲ್ಲ. ದೊಡ್ಡವರಿಗೆ ಬರೆಯುವ ಅಂದ್ರಿ. ನಿಮಗೆ ಗೊತ್ತಿರ್ತದೆ ಅಂತ ಸುಮ್ಮನಾದೆ."

ಹೌದು, ಕೇಳಿರಲಿಲ್ಲ. ಮೂವತ್ತು ವರ್ಷ ಪ್ರಜಾಪ್ರಭುತ್ವದ ಪಾಠ ಮಾಡಿದ ನಾನು ನಾಯಕರ ಹೆಸರು ಹುಡುಕಿದೆನೇ ಹೊರತು, ಅಲ್ಲಿ ಕಣ್ಣಾರೆ ಕಂಡವರು ಯಾರೆಂದು ಕೇಳುವ ಬುದ್ಧಿ ಬರಲಿಲ್ಲ. ಅಷ್ಟು ಹೊತ್ತು ಅಮೆರಿಕದ ಮೇಲಿದ್ದ ಸಿಟ್ಟು ನನ್ನ ಮೇಲೇ ತಿರುಗಿತು.

"ಫೋಟೋ ಬೇಡ. ಅವರಿಬ್ಬರಿಗೆ ಬರೆಯುವ" ಎಂದ ಹಮೀದ್. ಝೈನಬಾ ಒಳಗಿಂದ ಟ್ರಂಕಿನ ಅಡಿಯಲ್ಲಿಟ್ಟಿದ್ದ ಚೀಟಿ ತಂದಳು. ಎರಡು ಬೇರೆ ಬೇರೆ ಕೈಬರಹ, ಎರಡು ಊರು. ಇಬ್ಬರಿಗೂ ಒಂದೇ ಕಾಗದ ಸಾಕು, ಒಂದು ಅಕ್ಷರವೂ ಬದಲಾಗಬಾರದು ಎಂದ. ಅವನು ಹೇಳಿದ, ನಾನು ಇಂಗ್ಲಿಷಿಗೆ ಇಳಿಸಿದೆ. ನಾನು ಸೇರಿಸಿದ ಗೌರವದ ಮಾತುಗಳನ್ನೆಲ್ಲ ಓದಿಸಿ ಕೇಳಿ ತೆಗೆಸಿಬಿಟ್ಟ. ಎರಡೂ ಪ್ರತಿಗಳಿಗೆ ಎಡಗೈಯಲ್ಲಿ ನಿಧಾನವಾಗಿ ಹೆಸರು ಬರೆದ.

ಐದು ಗಂಟೆಗೆ ಘಟ್ಟ ಇಳಿದು ಬಂದ ಮಂಗಳೂರು ಬಸ್ಸು ಸಿಕ್ಕಿತು. ಹನಿ ಶುರುವಾಗಿತ್ತು. ಹಿಂದಿನ ಕಿಟಕಿಯಿಂದ ನೋಡಿದೆ, ಹಮೀದ್ ಇನ್ನೂ ಮಾರ್ಗದ ಬದಿಯಲ್ಲೇ ನಿಂತಿದ್ದ. ಕಾಗದ ಒದ್ದೆಯಾಗದಂತೆ ಅಂಗಿಯೊಳಗೆ ಇಟ್ಟುಕೊಳ್ಳುವ ಮೊದಲು ಮತ್ತೊಮ್ಮೆ ಓದಿದೆ. ಅದರಲ್ಲಿದ್ದದ್ದು ಇಷ್ಟೇ: "ನಾನು ಹಮೀದ್. ನಿಮಗೆ ದಿನಾ ಮೊಟ್ಟೆ ಬೇಯಿಸಿ ಕೊಡುತ್ತಿದ್ದವ. ನಾನು ಅಲ್ಲಿ ಇರಲೇ ಇಲ್ಲ ಎನ್ನುತ್ತಿದ್ದಾರೆ. ಇದ್ದೆನೋ ಇಲ್ಲವೋ, ನೀವು ಹೇಳಿ."