ಅಣ್ಣ ತಟ್ಟುತ್ತಿದ್ದ ಡೀಸೆಲ್ ಮುಳ್ಳು

ತನ್ನ ಶೆಡ್ಡಿಗೆ ಬಂದ ವೈರಿಂಗ್ ದೋಷ ಯಾವುದೂ ಜೀವಂತ ಹೊರಗೆ ಹೋಗಿಲ್ಲವೆಂಬುದು ಆಟೋ ಎಲೆಕ್ಟ್ರಿಷಿಯನ್ನನ ಹೆಮ್ಮೆ. ತೀರಿಕೊಂಡ ಅಣ್ಣನ ಹಳೆಯ ಪಿಕಪ್ಪನ್ನು ಅತ್ತಿಗೆ ತಂದು, “ಹಾರ್ನ್ ಒಂದು ನೋಡಪ್ಪ, ಬೇರೇನೂ ಮುಟ್ಬೇಡ” ಎಂದಿದ್ದಳು. ಕೈ ಸುಮ್ಮನಿರಬೇಕಲ್ಲ! ಡ್ಯಾಶ್‌ಬೋರ್ಡ್ ತಟ್ಟಿದರಷ್ಟೇ ಮೇಲೇಳುತ್ತಿದ್ದ, ಡೀಸೆಲ್ ಮಟ್ಟ ತೋರಿಸುವ ಮುಳ್ಳಿನ ಸಡಿಲ ಅರ್ಥಿಂಗ್ ವೈರನ್ನೂ ಬಿಗಿದು, ಎದೆಯುಬ್ಬಿಸಿ ನಿಂತ.

ಅತ್ತಿಗೆ ಹತ್ತಿ ಕುಳಿತು, ಕೀಲಿ ತಿರುಗಿಸಿದಳು; ಮುಳ್ಳು ತಾನಾಗೇ ಮೇಲೆದ್ದು ನಿಂತಿತು. ಅಭ್ಯಾಸದಂತೆ ಡ್ಯಾಶ್‌ಬೋರ್ಡ್ ತಟ್ಟಿದಳು. ಮುಳ್ಳು ಅಲುಗಲಿಲ್ಲ. ಅವಳ ಮುಖ ಸಪ್ಪಗಾಯಿತು.

“ನಿಮ್ಮಣ್ಣ ದಿನಾ ತಟ್ಟೋರು. ಈಗ ನಾನು ತಟ್ಟಿದ್ರೆ ಅವ್ರೇ ‘ಹೂಂ’ ಅಂದಂಗಾಗೋದು.”

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ. “ಇನ್ನೊಂಚೂರು ಕೆಲಸ ಇದೆ ಅತ್ತಿಗೆ” ಎಂದು ಗೊಣಗಿ, ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಆ ಅರ್ಥಿಂಗ್ ವೈರಿನ ಸ್ಕ್ರೂವನ್ನು ಮತ್ತೆ ಸಡಿಲಿಸಿದ.

ಅತ್ತಿಗೆ ತಟ್ಟಿದಳು. ಮುಳ್ಳು ನಡುಗುತ್ತ ಎದ್ದಿತು. ಪಕ್ಕದ ಖಾಲಿ ಸೀಟಿನ ಕಡೆ ಇಬ್ಬರೂ ನೋಡಲಿಲ್ಲ.